ಬಲಕ್ಕೆ ತಿರುಗಿದ ತ್ರಿಕೋನಗಳು

ಎಂಬತ್ತರ ದಶಕದ ನಡುವಿನಲ್ಲಿ ನಾನೊಬ್ಬ ವೈಚಾರಿಕ ಮನುಷ್ಯನಾಗಿದ್ದೆ. ಹಾಗೆಂದು ಬೇರೆ ಯಾರೂ ಹೇಳುತ್ತಿರಲಿಲ್ಲ, ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಯದ ಕಾಲೇಜೊಂದರಲ್ಲಿ ಎಲೆಕ್ಟ್ರಿಕಲ್ ವಿಷಯ ಕಲಿಸುವ ಹೊಸ ಮಾಷ್ಟ್ರು. ರಾಹುಕಾಲ ಯಾವಾಗ ಎಂದು ನೋಡಿ, ಬೇಕೆಂದೇ ಆ ಹೊತ್ತಿಗೆ ರೂಮಿನಿಂದ ಹೊರಡುತ್ತಿದ್ದೆ. ಇದರಿಂದ ಎಷ್ಟೋ ಸಲ ಬಸ್ಸು ತಪ್ಪಿದೆ. ಬಸ್ಸು ತಪ್ಪಿದ್ದು ರಾಹುಕಾಲದಿಂದಲ್ಲ, ರಾಹುಕಾಲ ಬರಲಿ ಎಂದು ಕಾದು ಕೂತದ್ದರಿಂದ ಎಂದು ಉಳಿದವರಿಗೆ ವಿವರಿಸುವಷ್ಟರಲ್ಲಿ ಮುಂದಿನ ಬಸ್ಸೂ ಹೋಗಿರುತ್ತಿತ್ತು. ಸುಬ್ರಹ್ಮಣ್ಯಕ್ಕೆ ಹೋಗಿಬಂದ ಸಹೋದ್ಯೋಗಿಗಳು ಪ್ರಸಾದ ಕೊಟ್ಟರೆ, "ಸಿಹಿ ಇದ್ದರೆ ಕೊಡಿ, ನಂಬಿಕೆ ನೀವೇ ಇಟ್ಟುಕೊಳ್ಳಿ" ಎನ್ನುತ್ತಿದ್ದೆ. ಈಗ ಆ ಮನುಷ್ಯ ಎದುರಿಗೆ ಸಿಕ್ಕಿದರೆ ಕಿವಿ ಹಿಂಡುತ್ತೇನೆ.

ಕಾಲೇಜಿನವರು ನನ್ನನ್ನು ಖಾಯಂ ಮಾಡಬೇಕಾದರೆ ಆ ವರ್ಷದ ಮಳೆ ಹಿಡಿಯುವ ಮೊದಲು ನಾನು ಎಂ.ಟೆಕ್. ಪ್ರಬಂಧ ಒಪ್ಪಿಸಬೇಕಿತ್ತು. ಅದಕ್ಕೆ ವಿಷಯ ಹುಡುಕಿಕೊಂಡು ನಾನು ದೂರ ಹೋಗಬೇಕಾಗಿ ಬರಲಿಲ್ಲ. ಕಡಬ ಪೇಟೆಯಲ್ಲಿ ನನ್ನ ಅಪ್ಪನದೊಂದು ಹಿಟ್ಟಿನ ಮಿಲ್ಲು ಇತ್ತು. ವೋಲ್ಟೇಜು ಸಾಕಾಗದೆ ಅದರ ಮೋಟರು ಸುಟ್ಟುಹೋಗುವುದು, ಅಪ್ಪ ಅದನ್ನು ಪುತ್ತೂರಿಗೆ ಹೊತ್ತುಕೊಂಡು ಹೋಗಿ ವೈಂಡಿಂಗ್ ಮಾಡಿಸಿ ತರುವುದು, ಇದು ನಮ್ಮ ಮನೆಯಲ್ಲಿ ವರ್ಷವೂ ನಡೆಯುವ ಕಾರ್ಯಕ್ರಮ. ಮೋಟರಿನ ಕಬ್ಬಿಣದೊಳಗೆ ಆಯಸ್ಕಾಂತದ ಶಕ್ತಿ ಎಲ್ಲಿ ಎಷ್ಟು ಹರಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ ಎಂದು ನನ್ನ ಗೈಡಿನ ಮುಂದೆ ಎದೆ ತಟ್ಟಿಕೊಂಡೆ. ಮಿಲ್ಲಿನ ಮೂಲೆಯಲ್ಲಿ ಬಿದ್ದಿದ್ದ, ಇನ್ನು ವೈಂಡಿಂಗಿಗೂ ಬಾರದ ಒಂದು ಮೋಟರನ್ನು ಬಿಚ್ಚಿ ಅಳತೆ ತೆಗೆಯುತ್ತಿದ್ದಾಗ ಅಪ್ಪ ಬಂದು ನಿಂತರು.

"ಅದು ಸತ್ತು ಎಷ್ಟೋ ಕಾಲ ಆಯ್ತಲ್ಲ ಮಾರಾಯ. ಈಗ ಅದರ ಕೈ ಹಿಡಿದು ನೋಡಿ ಎಂತ ಮಾಡುದು?"

ನಮ್ಮ ಮನೆಮಾತು ತುಳು. ಕನ್ನಡಕ್ಕೆ ಬರುವಾಗ ಅಪ್ಪನ ತಮಾಷೆಯೂ ಅಮ್ಮನ ಖಾರವೂ ಅರ್ಧಕ್ಕರ್ಧ ಕಡಿಮೆಯಾಗಿವೆ ಎಂದು ತಿಳಿದು ಓದಬೇಕು.

ಆ ಮಿಲ್ಲಿನ ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಗಾಳಿಮಳೆಗೆ ಕಡಿದ ಕರೆಂಟಿನ ಲೈನನ್ನು ಮತ್ತೆ ಜೋಡಿಸಿದ ಮೇಲೆ ಕೆಲವು ಸಲ ಮೋಟರು ಉಲ್ಟಾ ತಿರುಗುತ್ತಿತ್ತು. ಆಗ ಅಪ್ಪ ಮೂರು ವಯರುಗಳಲ್ಲಿ ಯಾವುದಾದರೂ ಎರಡನ್ನು ಬಿಚ್ಚಿ ಅದಲುಬದಲು ಮಾಡಿ ಸಿಕ್ಕಿಸುತ್ತಿದ್ದರು. ಮೋಟರು ಸರಿಯಾಗುತ್ತಿತ್ತು. ಇದನ್ನು ನಾನು ಚಡ್ಡಿ ಹಾಕುವ ಕಾಲದಿಂದ ನೋಡುತ್ತ ಬಂದವನು. ಮುಂದೆ ನನ್ನ ಬುದ್ಧಿವಂತಿಕೆಯನ್ನು ತೂಗುವಾಗ ಓದುಗರು ಇದನ್ನೂ ತಕ್ಕಡಿಗೆ ಹಾಕಬೇಕು.

ನನ್ನ ಕೆಲಸದ ಕ್ರಮ ಹೀಗಿತ್ತು. ಮೋಟರನ್ನು ಅಡ್ಡಕ್ಕೆ ಕತ್ತರಿಸಿದರೆ ಹೇಗೆ ಕಾಣುತ್ತದೋ ಆ ಚಿತ್ರವನ್ನು ಗ್ರಾಫ್ ಹಾಳೆಗಳನ್ನು ಅಂಟಿಸಿ ದೊಡ್ಡದಾಗಿ ಬರೆಯುವುದು. ಅದನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆಯುವುದು. ತ್ರಿಕೋನಗಳ ಮೂಲೆಗಳಿಗೆಲ್ಲ ಒಂದೊಂದು ನಂಬರು. ಆಮೇಲೆ ಪ್ರತಿ ತ್ರಿಕೋನದ ಸುತ್ತ ಪೆನ್ಸಿಲಿನ ಮೊನೆಯನ್ನು ಓಡಿಸಿ, ಸಿಕ್ಕಿದ ಮೂರು ನಂಬರುಗಳನ್ನು ಕ್ರಮವಾಗಿ ಹಾಳೆಯಲ್ಲಿ ಬರೆದುಕೊಳ್ಳುವುದು. ಅದನ್ನು ನೋಡಿ ಕಂಪ್ಯೂಟರಿನ ಕಾರ್ಡುಗಳ ಮೇಲೆ ತೂತು ಹೊಡೆಯುತ್ತಾರೆ. ಪೆನ್ಸಿಲು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಎಡಕ್ಕೆ ಸುತ್ತಬೇಕು. ಪುಸ್ತಕಗಳಲ್ಲಿ ಹಾಗೇ ಬರೆದಿರುತ್ತದೆ. ಸುಳ್ಯದ ರೂಮಿನಲ್ಲಿ ಚಾಪೆಯ ಮೇಲೆ ಹಾಳೆ ಹಾಸಿ, ಅದರ ಮೇಲೆ ಕವುಚಿ ಮಲಗಿಕೊಂಡು ನಾನು ನೂರಾರು ತ್ರಿಕೋನಗಳನ್ನು ಎಡಕ್ಕೆ ಸುತ್ತಿದೆ. ಕೆಲಸದ ಹೆಚ್ಚಿನ ಪಾಲು ಅಲ್ಲಿಯೇ ಮುಗಿಯಿತು.

ಉಳಿದ ಪಾಲು ಮುಗಿಯುವ ಮೊದಲು ಕಡಬದಿಂದ ಕಾಲೇಜಿಗೆ ಫೋನು ಬಂತು. ಅಪ್ಪ ಮಿಲ್ಲಿನಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದರು. ಯಾರದೋ ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನಾನು ಹೋಗಿ ಮುಟ್ಟುವಾಗ ಅಪ್ಪನಿಗೆ ಪ್ರಜ್ಞೆ ಇತ್ತು, ಬಣ್ಣ ಇರಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಈಗ ಎಂತ ಹೇಳಲಿಕ್ಕೂ ಆಗುದಿಲ್ಲ. ಇನ್ನೊಂದು ಸಲ ಹೀಗೆ ಆಗದಿದ್ದರೆ ಉಳಿತಾರೆ" ಎಂದರು.

ಹಾಗೆ ನಮ್ಮ ಸಂಸಾರ ಆಸ್ಪತ್ರೆಯ ಜಗಲಿಗೆ ಬಂತು. ಅಮ್ಮ ಒಂದು ಬೆಂಚಿನಲ್ಲಿ, ನಾನು ಇನ್ನೊಂದರಲ್ಲಿ. ಒಳಗೆ ಒಬ್ಬರಿಗಿಂತ ಹೆಚ್ಚು ಜನ ಇರಬಾರದು, ಇದ್ದರೂ ಮಾತಾಡಿಸಬಾರದು. ಏನೂ ಮಾಡದೆ ಕೂತುಕೊಳ್ಳುವುದು ನನ್ನಿಂದಾಗಲಿಲ್ಲ. ಮರುದಿನ ಸುಳ್ಯಕ್ಕೆ ಹೋಗಿ ಬಟ್ಟೆಯ ಜೊತೆಗೆ ಗ್ರಾಫ್ ಹಾಳೆಯ ಸುರುಳಿಯನ್ನೂ ತಂದೆ. ಬೆಂಚಿನ ಮೇಲೆ ಅದನ್ನು ಹರಡಿ, ಗಾಳಿಗೆ ಹಾರದ ಹಾಗೆ ಒಂದು ಬದಿಗೆ ಚಾದ ಗ್ಲಾಸು ಇಟ್ಟು, ಉಳಿದದ್ದಕ್ಕೆ ಕೈ ಹಾಕುವ ಮೊದಲು ಸುಳ್ಯದಲ್ಲಿ ಕೊನೆಗೆ ಬರೆದ ತ್ರಿಕೋನಗಳನ್ನು ಇನ್ನೊಮ್ಮೆ ಸುತ್ತಿ ತಾಳೆ ನೋಡತೊಡಗಿದೆ.

ಅಮ್ಮ ಸ್ವಲ್ಪ ಹೊತ್ತು ನನ್ನ ಪೆನ್ಸಿಲನ್ನೇ ನೋಡಿದಳು.

"ಎಂತದು ಅದು, ಸುತ್ತು ಬರುದು?"

"ತ್ರಿಕೋನ ಅಮ್ಮ. ನಂಬರು ತಾಳೆ ನೋಡುದು."

"ಎಲ್ಲ ಎಡಕ್ಕೇ ಸುತ್ತುದಾ?"

"ಹೌದು, ಅದು ಹಾಗೇ."

ಅಮ್ಮನ ಮುಖ ಬಿಗಿಯಾಯಿತು. "ನಿನಗೆ ತಲೆ ಸರಿ ಉಂಟಾ? ಒಳಗೆ ಅವರು ಹಾಗೆ ಮಲಗಿದ್ದಾರೆ. ಹೊರಗೆ ಕೂತುಕೊಂಡು ಮಗ ಆದವನು ಅಪ್ರದಕ್ಷಿಣೆ ಹಾಕುದಾ? ಎಡಕ್ಕೆ ಸುತ್ತುದು ಯಾವಾಗ ಅಂತ ನಿನಗೆ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು. ದೇವರ ಗುಡಿಗೆ ಬಲಕ್ಕೆ ಸುತ್ತು. ಎಡಕ್ಕೆ ಸುತ್ತುವುದು ಚಿತೆಗೆ, ಅದೂ ಮಗ. ಆದರೆ ವೈಚಾರಿಕ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗಬೇಕು? ಆಸ್ಪತ್ರೆಯ ಜಗಲಿಯಲ್ಲಿ, ಗಂಡ ಉಳಿಯುತ್ತಾನೋ ಇಲ್ಲವೋ ಎಂದು ಗೊತ್ತಿಲ್ಲದೆ ಎರಡು ದಿನದಿಂದ ಸರಿಯಾಗಿ ಉಣ್ಣದ ಹೆಂಗಸಿಗೆ ನಾನು ಸಣ್ಣದೊಂದು ಭಾಷಣ ಕೊಟ್ಟೆ. ಪೆನ್ಸಿಲಿಗೂ ಹೃದಯಕ್ಕೂ ಯಾವ ಸಂಬಂಧವೂ ಇಲ್ಲ ಎಂದೆ. ಎಡಕ್ಕೆ ಸುತ್ತಿದರೆ ತ್ರಿಕೋನದ ವಿಸ್ತೀರ್ಣ ಧನ ಸಂಖ್ಯೆಯಾಗುತ್ತದೆ, ಬಲಕ್ಕೆ ಸುತ್ತಿದರೆ ಋಣವಾಗುತ್ತದೆ, ಲೆಕ್ಕಕ್ಕೆ ಎಡವೇ ಶುಭ ಎಂದು ಜೋಕು ಬೇರೆ ಹೊಡೆದೆ. ಪಕ್ಕದ ಬೆಂಚಿನವರು ಆಸಕ್ತಿಯಿಂದ ಕೇಳುತ್ತಿದ್ದರು.

ಅಮ್ಮ ಎದ್ದಳು. "ನಿನ್ನ ಲೆಕ್ಕ ನೀನು ಮಾಡು. ನನ್ನ ಕಣ್ಣಿಗೆ ಬೀಳುದು ಬೇಡ" ಎಂದು ಜಗಲಿಯ ಆಚೆ ತುದಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ನಾನು ಗೆದ್ದವನ ಗತ್ತಿನಲ್ಲಿ ಚಾ ಕುಡಿದು ಮುಗಿಸಿ, ಗ್ಲಾಸನ್ನು ಹಾಳೆಯ ಮೇಲೆಯೇ ಕುಕ್ಕಿ, ಉಳಿದ ತ್ರಿಕೋನಗಳನ್ನು ಅಲ್ಲಿಯೇ ಮುಗಿಸಿದೆ.

ಕಂಪ್ಯೂಟರು ಇದ್ದದ್ದು ಗೈಡಿನ ಕಾಲೇಜಿನಲ್ಲಿ, ಕಡಲ ಕರೆಯಲ್ಲಿ. ಪುತ್ತೂರಿನಿಂದ ಬಸ್ಸಿನಲ್ಲಿ ಹೋಗಿ, ಕಾರ್ಡಿನ ಕಟ್ಟನ್ನು ಒಂದು ಕಿಟಕಿಯೊಳಗೆ ಕೊಟ್ಟು, ಮರುದಿನ ಅದೇ ಕಿಟಕಿಯಲ್ಲಿ ಉತ್ತರದ ಕಾಗದ ಇಸಿದುಕೊಳ್ಳಬೇಕು. ಒಳಗೆ ಏನು ನಡೆಯುತ್ತದೆ ಎಂದರೆ, ಕಂಪ್ಯೂಟರು ಮೊದಲು ಒಂದು ಅಂದಾಜಿನ ಉತ್ತರ ಹಿಡಿದುಕೊಳ್ಳುತ್ತದೆ. ಅದನ್ನು ತಿದ್ದುತ್ತದೆ. ತಿದ್ದಿದ್ದನ್ನು ಮತ್ತೆ ತಿದ್ದುತ್ತದೆ. ಕುಂಟುವ ಬೆಂಚಿನ ಕಾಲನ್ನು ಸ್ವಲ್ಪ ಸ್ವಲ್ಪವೇ ಕೆತ್ತಿ ನೆಲಕ್ಕೆ ಕೂರಿಸಿದ ಹಾಗೆ, ತಿದ್ದುಪಡಿ ಪ್ರತಿ ಸಲವೂ ಸಣ್ಣದಾಗುತ್ತ ಬಂದು ಕೊನೆಗೆ ಉತ್ತರ ಒಂದು ಕಡೆ ನಿಲ್ಲಬೇಕು. ನನ್ನದು ನಿಲ್ಲಲಿಲ್ಲ. ತಿದ್ದುಪಡಿಗಳು ದೊಡ್ಡದಾಗುತ್ತ ಹೋಗಿ, ಬರೆಯಲು ಜಾಗ ಸಾಲದೆ, ಕಾಗದದ ತುಂಬ ಬರೀ ನಕ್ಷತ್ರದ ಗುರುತುಗಳು ಬಿದ್ದಿದ್ದವು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೊದಲು ಬೈದದ್ದು ಕಾರ್ಡು ಹೊಡೆಯುವ ಮೇಡಮ್ಮನ್ನು. ಅವರು ನನ್ನ ಹಾಳೆಯನ್ನೂ ಕಾರ್ಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ, "ನೀವು ಬರೆದದ್ದನ್ನೇ ನಾನು ಹೊಡೆದದ್ದು ಸರ್" ಎಂದರು. ಆಮೇಲೆ ಕಂಪ್ಯೂಟರನ್ನು ಬೈದೆ. ಸೆಕೆಗೆ ಅದಕ್ಕೆ ಮಂಡೆ ಬಿಸಿಯಾಗಿದೆ ಎಂದೆ. ಆಮೇಲೆ ಕಬ್ಬಿಣವನ್ನು ಬೈದೆ. ಇದಕ್ಕೆ ಸ್ವಲ್ಪ ಆಧಾರವಿತ್ತು. ಕಬ್ಬಿಣಕ್ಕೆ ಆಯಸ್ಕಾಂತದ ಶಕ್ತಿ ಒಂದು ಮಿತಿಯ ವರೆಗೆ ಸಲೀಸಾಗಿ ಹಿಡಿಸುತ್ತದೆ, ಅದರಾಚೆ ಹಿಡಿಸುವುದಿಲ್ಲ. ಆ ತಿರುವಿನಲ್ಲಿ ಲೆಕ್ಕ ಮುಗ್ಗರಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಆ ತಿರುವನ್ನು ನಯ ಮಾಡಿದೆ. ತಿದ್ದುಪಡಿಯನ್ನು ಒಮ್ಮೆಗೇ ಮಾಡದೆ ಅರ್ಧರ್ಧ ಮಾಡು ಎಂದು ಕಂಪ್ಯೂಟರಿಗೆ ಹೇಳಿದೆ. ಮೊದಲು ಬೇಗ ಬರುತ್ತಿದ್ದ ನಕ್ಷತ್ರಗಳು ಈಗ ನಿಧಾನವಾಗಿ ಬಂದವು. ಅದನ್ನೇ ಪ್ರಗತಿ ಎಂದು ಗೈಡಿಗೆ ವರದಿ ಮಾಡಿದೆ.

ಈ ನಡುವೆ ಅಪ್ಪನ ಸ್ಥಿತಿಯೂ ಒಂದು ಕಡೆ ನಿಂತಿರಲಿಲ್ಲ. ಒಂದು ದಿನ ಎದ್ದು ಕೂರುತ್ತಿದ್ದರು, ಮರುದಿನ ಉಸಿರಿಗೆ ಕಷ್ಟಪಡುತ್ತಿದ್ದರು. ಡಾಕ್ಟರು "ನೋಡುವ" ಎನ್ನುವುದನ್ನು ಬಿಟ್ಟು ಬೇರೆ ಮಾತು ಕಲಿತಿರಲಿಲ್ಲ. ನಾನು ಬಸ್ಸಿಳಿದು ಬಂದಾಗಲೆಲ್ಲ ಅಪ್ಪ ದಿಂಬಿನಿಂದ ತಲೆ ಎತ್ತದೆಯೇ ಕೇಳುತ್ತಿದ್ದರು.

"ಕೂಡಿ ಬಂತಾ?"

"ಇಲ್ಲ ಅಪ್ಪ. ಎಲ್ಲಿಯೋ ಸ್ವಲ್ಪ ಉಂಟು."

"ಸಾವಕಾಶ ಮಾಡು. ನಾನೂ ಇಲ್ಲಿಯೇ ಇದ್ದೇನಲ್ಲ."

ಅಮ್ಮ ನನ್ನೊಡನೆ ಊಟ, ಮದ್ದು, ಬಿಸಿನೀರು ಎಂಬ ಮೂರು ವಿಷಯ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ.

ಕೊನೆಗೆ ಗೈಡು ಕರುಣೆಯಿಂದ ಹೇಳಿದರು. "ಕಬ್ಬಿಣವನ್ನು ಸುಮ್ಮನೆ ಯಾಕೆ ಬೈಯುದು ನೀವು? ಅದನ್ನು ತೆಗೆದುಹಾಕಿ. ಎಲ್ಲ ಕಡೆ ಗಾಳಿಯೇ ಇರುದು ಅಂತ ಲೆಕ್ಕ ಕೊಡಿ. ಗಾಳಿಗೆ ಮಿತಿ ಇಲ್ಲ, ಮುಗ್ಗರಿಸುದಿಲ್ಲ. ಆಗಲೂ ನಿಲ್ಲದಿದ್ದರೆ ತಪ್ಪು ನಿಮ್ಮ ಚಿತ್ರದ್ದು."

ಗಾಳಿ ತುಂಬಿಸಿದೆ. ಆಗಲೂ ನಕ್ಷತ್ರ. ಕಬ್ಬಿಣ ನಿರಪರಾಧಿ ಎಂದು ಸಾಬೀತಾಯಿತು. ಇನ್ನು ಚಿತ್ರವನ್ನೇ ತುಂಡು ಮಾಡಿ ಯಾವ ತುಂಡಿನಲ್ಲಿ ರೋಗವಿದೆ ಎಂದು ನೋಡುವುದೊಂದೇ ದಾರಿ. ಸುಳ್ಯದಲ್ಲಿ ಬರೆದ ಪಾಲನ್ನು ಬೇರೆಯಾಗಿ ಓಡಿಸಿದೆ. ಉತ್ತರ ಚೆಂದವಾಗಿ ಬಂದು ನಿಂತಿತು. ಹಾಗಾದರೆ ಕಾಯಿಲೆ ಪುತ್ತೂರಿನ ಪಾಲಿನಲ್ಲಿದೆ ಎಂದು ಉತ್ಸಾಹದಿಂದ ಅದನ್ನು ಓಡಿಸಿದೆ. ಅದೂ ಚೆಂದವಾಗಿ ಬಂದು ನಿಂತಿತು. ಎರಡನ್ನೂ ಸೇರಿಸಿದೆ. ನಕ್ಷತ್ರ!

ಬೇರೆ ಬೇರೆ ಇರುವಾಗ ಇಬ್ಬರೂ ಬಂಗಾರ, ಒಂದೇ ಮನೆಯಲ್ಲಿಟ್ಟರೆ ಪಾತ್ರೆ ಹಾರುತ್ತದೆ. ಇಂಥ ಅತ್ತೆ ಸೊಸೆಯರನ್ನು ನಾನು ಕಂಡಿದ್ದೆ, ತ್ರಿಕೋನಗಳನ್ನು ಕಂಡಿರಲಿಲ್ಲ. ಆ ದಿನ ಪುತ್ತೂರಿಗೆ ಹಿಂದಿರುಗುವ ಬಸ್ಸಿನಲ್ಲಿ ನನಗೆ ಅಳು ಬಂತು. ಪ್ರಬಂಧಕ್ಕಾಗಿ ಎಂದು ಆಗ ಅಂದುಕೊಂಡಿದ್ದೆ.

ಆಸ್ಪತ್ರೆಯ ಅದೇ ಬೆಂಚಿನಲ್ಲಿ ಕೂತು, ಎರಡು ಪಾಲುಗಳು ಸೇರುವ ಗೆರೆಯ ಆಚೀಚೆಗೆ ಒಂದೊಂದು ತ್ರಿಕೋನ ಹಿಡಿದು, ಕಂಪ್ಯೂಟರು ಮಾಡುವುದನ್ನೇ ಕೈಯಲ್ಲಿ ಮಾಡತೊಡಗಿದೆ. ಈಚಿನದರ ವಿಸ್ತೀರ್ಣ ಸರಿಯಾಗಿ ಬಂತು. ಆಚಿನದು ಋಣ ಬಂತು. ಕಳೆಯುವಾಗ ತಪ್ಪಿದೆ ಎಂದು ಇನ್ನೊಮ್ಮೆ ಮಾಡಿದೆ. ಋಣವೇ. ಅದರ ಪಕ್ಕದ್ದು ಹಿಡಿದೆ. ಅದೂ ಋಣ. ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ತ್ರಿಕೋನವನ್ನು ನಾನು ಬರೆದ ಕ್ರಮದಲ್ಲಿಯೇ ಸುತ್ತಿ ನೋಡುತ್ತ ಹಿಂದಕ್ಕೆ ಬಂದೆ. ಬಲಕ್ಕೆ, ಬಲಕ್ಕೆ, ಎಲ್ಲವೂ ಬಲಕ್ಕೆ. ಬರುತ್ತ ಬರುತ್ತ ಚಾದ ಗ್ಲಾಸಿನ ಕಲೆ ಇರುವಲ್ಲಿಗೆ ಮುಟ್ಟಿದೆ. ಅದರಿಂದ ಹಿಂದಿನದೆಲ್ಲ ಎಡಕ್ಕೆ.

ಅಮ್ಮ ಎದ್ದು ಆಚೆ ತುದಿಗೆ ಹೋದದ್ದು, ನಾನು ಚಾ ಕುಡಿದದ್ದು ಆ ಜಾಗದಲ್ಲಿ. ಭಾಷಣ ಮುಗಿಸಿ ಪೆನ್ಸಿಲು ಎತ್ತಿಕೊಂಡವನು ಮುಂದಿನ ತ್ರಿಕೋನದಿಂದ ಕೊನೆಯದರ ವರೆಗೆ, ಒಂದನ್ನೂ ತಪ್ಪಿಸದೆ, ಬಲಕ್ಕೆ ಸುತ್ತಿದ್ದೆ. ನನಗದು ಗೊತ್ತೇ ಆಗಿರಲಿಲ್ಲ.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಬಾಯಿ ಅಮ್ಮನಿಗೆ ವಿಜ್ಞಾನ ಹೇಳುತ್ತಿದ್ದಾಗ ಕೈ ಅಮ್ಮನ ಮಾತು ಕೇಳುತ್ತಿತ್ತು. ಮೊದಲಿಗೆ ನನಗೆ ನಗು ಬಂತು. ಪಕ್ಕದ ಬೆಂಚಿನವರು ತಿರುಗಿ ನೋಡುವಷ್ಟು ನಕ್ಕೆ. ಆಮೇಲೆ ನಗು ನಿಂತಿತು. ನನಗೆ ಹೆದರಿಕೆಯಾಗಿತ್ತು. ಅಪ್ಪ ಸತ್ತುಹೋಗುತ್ತಾರೆ ಎಂಬ ಹೆದರಿಕೆ. ಫೋನು ಬಂದ ದಿನದಿಂದ ಅದು ಇತ್ತು, ನಾನು ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ.

ರೋಗ ತಿಳಿದ ಮೇಲೆ ಮದ್ದು ಸುಲಭ. ಮೂರು ನಂಬರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಬಲಕ್ಕೆ ಸುತ್ತುವ ತ್ರಿಕೋನ ಎಡಕ್ಕೆ ಸುತ್ತುತ್ತದೆ. ಮಿಲ್ಲಿನ ವಯರಿನ ಹಾಗೆಯೇ. ಇಷ್ಟು ದಿನ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಾನು ಪುತ್ತೂರಿನಿಂದ ಕಡಲಿನ ವರೆಗೆ ಊರೆಲ್ಲ ಹುಡುಕಿದ್ದೆ. ಇನ್ನೂ ಒಂದು ಸಂಗತಿ ಆಗ ತಲೆಗೆ ಹೊಳೆಯಿತು. ಎರಡು ಪಾಲುಗಳೂ ಬೇರೆ ಬೇರೆಯಾಗಿ ಸರಿ ಬಂದದ್ದು ಯಾಕೆಂದರೆ, ಎಡವೇ ಆಗಬೇಕೆಂದು ಲೆಕ್ಕಕ್ಕೆ ಹಟವಿಲ್ಲ. ಎಲ್ಲವೂ ಬಲಕ್ಕಿದ್ದರೆ ಸಮೀಕರಣದ ಎರಡೂ ಬದಿಯಲ್ಲಿ ಋಣ ಬಂದು ಹೊಡೆದುಹೋಗುತ್ತದೆ, ಉತ್ತರ ಅದೇ. ಕೆಲವು ಎಡ, ಕೆಲವು ಬಲ ಎಂದು ಬೆರೆಸಿದರೆ ಮಾತ್ರ ಕೆಡುತ್ತದೆ. ಅಂದರೆ ಅಮ್ಮನಿಗೆ ನಾನು ಕೊಟ್ಟ ಭಾಷಣ ವಿಜ್ಞಾನದ ದೃಷ್ಟಿಯಿಂದಲೂ ತಪ್ಪಾಗಿತ್ತು.

ಮರುದಿನ ಕಾರ್ಡಿನ ಕಟ್ಟು ಹಿಡಿದುಕೊಂಡು ಕಾರ್ಡು ಹೊಡೆಯುವ ಮೇಡಮ್ಮನ ಎದುರು ನಿಂತೆ. ಹಿಂದೆ ಬೈದದ್ದಕ್ಕೆ ಪ್ರಾಯಶ್ಚಿತ್ತವಾಗಿ ಒಂದು ಪೊಟ್ಟಣ ಗೋಳಿಬಜೆ ಕೊಟ್ಟೆ. ಸಂಗತಿ ಹೇಳಿದೆ. ಅವರು ಕೂಡಲೇ ಪುತ್ತೂರಿನ ಸಣ್ಣ ಕಟ್ಟಿಗೆ ಕೈ ಹಾಕಿದರು.

"ಇದಿಷ್ಟನ್ನು ಬದಲಿಸಿದರೆ ಆಯ್ತಲ್ಲ ಸರ್. ಮಧ್ಯಾಹ್ನದ ಒಳಗೆ ಕೊಡ್ತೇನೆ."

ನನ್ನ ಬಾಯಿ ಹೌದೆನ್ನಲು ತೆರೆಯಿತು. ಬೆಳಿಗ್ಗೆ ನಾನು ಹೊರಡುವಾಗ ಅಪ್ಪನಿಗೆ ಉಸಿರಿನ ಕಷ್ಟ ಮತ್ತೆ ಶುರುವಾಗಿತ್ತು. ಡಾಕ್ಟರು ಒಳಗಿದ್ದರು. ಅಮ್ಮ ಬಾಗಿಲ ಹೊರಗೆ ನಿಂತು ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

"ಅಲ್ಲ ಮೇಡಂ. ಇದು ಹೀಗೇ ಇರಲಿ. ದೊಡ್ಡ ಕಟ್ಟು ಬದಲಿಸುವ."

"ಇದಾ? ಇದು ಅದರ ಎಷ್ಟೋ ಪಾಲು ಉಂಟಲ್ಲ!"

"ಉಂಟು. ಎಲ್ಲ ಬಲಕ್ಕೇ ಇರಲಿ. ಅದೇ ಸರಿಯಾದ ಪದ್ಧತಿ."

ಯಾವ ಪದ್ಧತಿ ಎಂದು ಅವರು ಕೇಳಲಿಲ್ಲ. ಅವರೊಬ್ಬರಿಂದ ಮುಗಿಯುವಂತಿರಲಿಲ್ಲವಾದ್ದರಿಂದ ನಾನೂ ಇನ್ನೊಂದು ಯಂತ್ರದ ಮುಂದೆ ಕೂತೆ. ಸುಳ್ಯದ ನೂರಾರು ತ್ರಿಕೋನಗಳನ್ನು ಒಂದೊಂದಾಗಿ ಬಲಕ್ಕೆ ತಿರುಗಿಸಿದೆ. ಅಭ್ಯಾಸವಿಲ್ಲದ ಬೆರಳು, ಹಾಳಾದ ಕಾರ್ಡುಗಳು ಕಾಲಬುಡದಲ್ಲಿ ರಾಶಿ ಬಿದ್ದವು. ಮಧ್ಯಾಹ್ನಕ್ಕೆ ಆಗುವ ಕೆಲಸ ಮರುದಿನ ಸಂಜೆಯ ವರೆಗೆ ಎಳೆಯಿತು. ವೈಚಾರಿಕ ಮನುಷ್ಯ ಎಲ್ಲಿ ಹೋಗಿದ್ದನೋ ಗೊತ್ತಿಲ್ಲ, ಆ ಎರಡು ದಿನ ಅವನು ನನ್ನ ಹತ್ತಿರ ಸುಳಿಯಲಿಲ್ಲ.

ಉತ್ತರ ಬಂದು ನಿಂತಿತು. ಕಬ್ಬಿಣವನ್ನು ವಾಪಸು ತುಂಬಿಸಿದ ಮೇಲೂ ನಿಂತಿತು. ಗೈಡು ಕಾಗದ ಮಡಚುತ್ತ ಕೇಳಿದರು. "ಎಲ್ಲ ಪುಸ್ತಕದಲ್ಲಿ ಎಡಕ್ಕೆ ಉಂಟು. ನೀವು ಎಂತಕ್ಕೆ ಬಲಕ್ಕೆ ಮಾಡಿದ್ದು?" ನಾನು ಬೋರ್ಡಿನ ಹತ್ತಿರ ಹೋಗಿ, ಋಣ ಋಣ ಹೇಗೆ ಹೊಡೆದುಹೋಗುತ್ತದೆ ಎಂದು ಸೂತ್ರ ಬರೆದು, ಬಲಕ್ಕೆ ಸುತ್ತುವುದರಿಂದ ಯಾವ ದೋಷವೂ ಇಲ್ಲವೆಂದು ಸವಿಸ್ತಾರವಾಗಿ ನಿರೂಪಿಸಿದೆ. ಅವರೂ ನಮ್ಮ ಕಡೆಯವರೇ. ಕೊನೆಯ ವರೆಗೆ ತಾಳ್ಮೆಯಿಂದ ಕೇಳಿದರು. ನಾನು ಚಾಕ್‌ಪೀಸು ಕೆಳಗಿಟ್ಟ ಮೇಲೆ ಒಂದೇ ಮಾತು ಕೇಳಿದರು.

"ಅಪ್ಪ ಈಗ ಹೇಗಿದ್ದಾರೆ?"

ಅಪ್ಪ ಉಳಿದರು. ಮಳೆ ಶುರುವಾಗುವ ಮೊದಲು ಕಡಬಕ್ಕೆ ಬಂದರು. ಪ್ರಬಂಧ ಒಪ್ಪಿಸಿ ನಾನೂ ಮನೆಗೆ ಹೋದೆ. ಅಪ್ಪ ಮಣೆಯ ಮೇಲೆ ಕೂತು ಗಂಜಿ ಉಣ್ಣುತ್ತಿದ್ದಾಗ ನಡೆದದ್ದನ್ನೆಲ್ಲ ಹೇಳಿದೆ, ನನ್ನ ಕೈ ತಿರುಗಿದ್ದನ್ನೂ ಸೇರಿಸಿ. ಅಪ್ಪನಿಗೆ ನಕ್ಕು ಕೆಮ್ಮು ಬಂತು. "ಎರಡು ವಯರು ಅದಲುಬದಲು ಮಾಡ್ಲಿಕ್ಕೆ ಇಷ್ಟು ಸಲ ಬಸ್ಸಿನಲ್ಲಿ ಹೋದದ್ದಾ ನೀನು?"

ಅಮ್ಮ ನಗಲಿಲ್ಲ. ಸೌಟು ಹಿಡಿದುಕೊಂಡು ನಿಂತಲ್ಲಿಂದಲೇ ಕೇಳಿದಳು. "ಕೊನೆಗೆ ಯಾವ ಕಡೆಗೆ ಇಟ್ಟದ್ದು?"

"ಬಲಕ್ಕೆ."

"ಎಲ್ಲವನ್ನೂ?"

"ಎಲ್ಲವನ್ನೂ ಅಮ್ಮ. ಒಂದೂ ಬಿಡಲಿಲ್ಲ."

ಅವಳಿಂದ ಒಂದು ಮೆಚ್ಚುಗೆಯ ಮಾತು ಬರಬಹುದು ಎಂದು ಕಾದೆ.

"ಅದನ್ನು ನಾನು ಹೇಳಿದ ದಿನವೇ ಮಾಡಿದ್ದರೆ ಇವರು ಅಷ್ಟು ದಿನ ಆಸ್ಪತ್ರೆಯಲ್ಲಿ ಬೀಳುದಿತ್ತಾ?"

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಔಷಧಿ, ಡಾಕ್ಟರು, ವಿಶ್ರಾಂತಿ, ಕಾಕತಾಳೀಯ ಎಂದು ಒಂದು ಒಳ್ಳೆಯ ಭಾಷಣವೇ ಇತ್ತು. ಆದರೆ ಅಪ್ಪ ಎದುರಿಗೆ ಕೂತು ಬಟ್ಟಲನ್ನು ಮುಂದೆ ಚಾಚಿ ಎರಡನೇ ಸಲ ಗಂಜಿ ಹಾಕಿಸಿಕೊಳ್ಳುತ್ತಿದ್ದರು. ವಾದ ಮಾಡುವ ಧೈರ್ಯ ನನಗೆ ಬರಲಿಲ್ಲ.